ಪ್ರತಿಯ ಜಾತಕ ಓದುವುದು: ಹಳೆಯ ಹಾಸ್ಯ ಪತ್ರಿಕೆ, ಅಂಡರ್‌ಗ್ರೌಂಡ್ ಕಾಮಿಕ್ಸ್ ಮತ್ತು ಸಹಿ ಇರುವ ಪುಸ್ತಕಗಳ ಸಂಗ್ರಹಕ್ಕೆ ಒಂದು ಮಾರ್ಗದರ್ಶಿ

ಸಂಗ್ರಹದ ಹುಚ್ಚು ಹತ್ತಿದ ಮೊದಲ ವರ್ಷದಲ್ಲೇ ನಾನು ಅಮೆರಿಕದ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ ಅವರ ‘ಜ್ಯಾಪ್ ಕಾಮಿಕ್ಸ್’ನ ಒಂದನೆಯ ಸಂಚಿಕೆಯನ್ನು ಕೊಂಡೆ. ದೊಡ್ಡ ಪ್ರಕಾಶಕರ ಹಂಗಿಲ್ಲದೆ, ದೊಡ್ಡವರ ಓದಿಗೆಂದು ಸ್ವತಂತ್ರವಾಗಿ ಅಚ್ಚಾದ ಇಂಥವನ್ನೇ ಅಂಡರ್‌ಗ್ರೌಂಡ್ ಕಾಮಿಕ್ಸ್ ಎನ್ನುವುದು. ಮಾರಿದವರು ‘1968ರ ಮೂಲ ಪ್ರತಿ’ ಎಂದು ಬರೆದಿದ್ದರು. ಪೊಟ್ಟಣ ಬಿಚ್ಚಿದ ಸಂಭ್ರಮದಲ್ಲಿ ಎರಡು ಸಲ ಓದಿ ಮುಗಿಸಿದೆ, ಇಬ್ಬರು ಗೆಳೆಯರಿಗೆ ತೋರಿಸಿ ಬೀಗಿದೆ. ಮೂರನೆಯ ದಿನ ಮುಖಪುಟದ ಮೂಲೆಯಲ್ಲಿದ್ದ ಬೆಲೆಯ ಮೇಲೆ ಕಣ್ಣು ಬಿತ್ತು. 50 ಸೆಂಟ್ ಎಂದಿತ್ತು. ಆ ಸಂಚಿಕೆಯ ಮೊದಲ ಮುದ್ರಣದ ಬೆಲೆ 25 ಸೆಂಟ್. ಅಂದರೆ ನನ್ನ ಕೈಯಲ್ಲಿದ್ದದ್ದು ಅದೇ ಪುಟಗಳನ್ನು ಹಲವು ವರ್ಷಗಳ ಕಾಲ ಮತ್ತೆ ಮತ್ತೆ ಅಚ್ಚು ಹಾಕಿದಾಗ ಹೊರಬಂದ ಒಂದು ಮರುಮುದ್ರಣ. ಮಾರಿದವರು ಬೇಕೆಂದೇ ಮೋಸ ಮಾಡಿದರೆಂದು ಹೇಳಲಾರೆ, ಅವರಿಗೂ ಗೊತ್ತಿದ್ದಿರಲಿಕ್ಕಿಲ್ಲ. ಆದರೆ ಪ್ರತಿಯ ಮೇಲೆ ಎಲ್ಲವೂ ಬರೆದಿತ್ತು, ಓದಬೇಕಾಗಿದ್ದವನು ನಾನು.

ಮುಂದೆ ಹೇಳುವುದೆಲ್ಲ ಆ ಓದುವಿಕೆಯ ಬಗ್ಗೆ. ಪ್ರತಿಯ ಜಾತಕ ಪ್ರತಿಯ ಮೈಮೇಲೆಯೇ ಇರುತ್ತದೆ. ಮಾರುವವರ ವಿವರಣೆ, ಜೊತೆಗೆ ಬರುವ ಪ್ರಮಾಣಪತ್ರ, ಬೆಲೆಪಟ್ಟಿ ಇವೆಲ್ಲ ಆಮೇಲಿನ ಮಾತು.

ಮೊದಲು ಎಲ್ಲೆ ಹಾಕಿಕೊಳ್ಳಿ

ಹಾಸ್ಯ ಪತ್ರಿಕೆ ಎಂಬ ಎರಡು ಪದಗಳ ಒಳಗೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕಾಗದ ತುಂಬಿಕೊಂಡಿದೆ. ಲಂಡನ್ನಿನ ‘ಪಂಚ್’ 1841ರಲ್ಲಿ ಆರಂಭವಾಗಿ 1992ರವರೆಗೆ ನಡೆಯಿತು, 1996ರಲ್ಲಿ ಮತ್ತೆ ಎದ್ದು 2002ರಲ್ಲಿ ನಿಂತೇಹೋಯಿತು. ನಗಿಸುವ, ಚುಚ್ಚುವ ಚಿತ್ರಕ್ಕೆ ‘ಕಾರ್ಟೂನ್’ ಎನ್ನುವ ರೂಢಿ ಶುರುವಾದದ್ದು 1843ರಲ್ಲಿ, ಅದೇ ಪತ್ರಿಕೆಯ ಪುಟಗಳಲ್ಲಿ. ಅಮೆರಿಕದ ಕಡೆಗೆ ಬಂದರೆ 19ನೆಯ ಶತಮಾನದ ‘ಪಕ್’ ಮತ್ತು ‘ಜಡ್ಜ್’, 1952ರ ‘ಮ್ಯಾಡ್’, 1970ರ ‘ನ್ಯಾಷನಲ್ ಲ್ಯಾಂಪೂನ್’ ಸಾಲುಗಟ್ಟಿ ನಿಲ್ಲುತ್ತವೆ. ಎಲ್ಲವನ್ನೂ ಕೂಡಿಹಾಕಲು ಹೊರಟವರ ಮನೆಯಲ್ಲಿ ಕೊನೆಗೆ ಉಳಿಯುವುದು ಸಂಗ್ರಹವಲ್ಲ, ರದ್ದಿಯ ರಾಶಿ.

ಹೊಸಬರಿಗೆ ನಾನು ಹೇಳುವುದೆಂದರೆ, ಆದಿ ಅಂತ್ಯ ಗೊತ್ತಿರುವ ಒಂದು ಚಿಕ್ಕ ಸಾಲನ್ನು ಹಿಡಿಯಿರಿ. ‘ಮ್ಯಾಡ್’ನ ಮೊದಲ ಸಂಪಾದಕ ಹಾರ್ವಿ ಕರ್ಟ್ಸ್‌ಮನ್ ಅದನ್ನು ಬಿಟ್ಟ ಮೇಲೆ ಮೂರು ಪತ್ರಿಕೆಗಳನ್ನು ನಡೆಸಿದರು. 1957ರ ‘ಟ್ರಂಪ್’ ಎರಡೇ ಸಂಚಿಕೆಗೆ ನಿಂತಿತು, 1957–58ರ ‘ಹಂಬಗ್’ ಹನ್ನೊಂದು ಸಂಚಿಕೆ ಕಂಡಿತು, 1960ರಿಂದ 1965ರವರೆಗಿನ ‘ಹೆಲ್ಪ್!’ ಇಪ್ಪತ್ತಾರು ಸಂಚಿಕೆ ಬಂತು. ಮೂರೂ ಸೇರಿದರೆ ಮೂವತ್ತೊಂಬತ್ತು. ಇಷ್ಟನ್ನು ಒಬ್ಬ ಮನುಷ್ಯ ತಾಳ್ಮೆಯಿಂದ ಪೂರ್ಣಗೊಳಿಸಬಹುದು. (‘ಟ್ರಂಪ್’ ಎಂದು ಹುಡುಕಿದರೆ ಇಂದು ಏನೇನು ಬರುತ್ತದೆಂದು ನಾನು ಹೇಳಬೇಕಾಗಿಲ್ಲ, ಕರ್ಟ್ಸ್‌ಮನ್ ಹೆಸರನ್ನೂ 1957 ಎಂಬುದನ್ನೂ ಜೊತೆಗೆ ಸೇರಿಸಿ ಹುಡುಕಿ.) ಇವುಗಳಲ್ಲಿ ನನ್ನ ಒಲವು ‘ಹೆಲ್ಪ್!’ ಕಡೆಗೆ. ರಾಬರ್ಟ್ ಕ್ರಂಬ್ ಮತ್ತು ಗಿಲ್ಬರ್ಟ್ ಶೆಲ್ಟನ್ ಅಂಡರ್‌ಗ್ರೌಂಡ್‌ನಲ್ಲಿ ಹೆಸರು ಮಾಡುವ ಮೊದಲೇ ಅದರಲ್ಲಿ ಚಿತ್ರ ಬರೆದಿದ್ದರು. ಮುಂದೆ ಸಿನಿಮಾ ನಿರ್ದೇಶಕರಾದ ಟೆರಿ ಗಿಲಿಯಮ್ ಅಲ್ಲಿ ಸಹಾಯಕ ಸಂಪಾದಕರಾಗಿದ್ದರು. ಹಾಸ್ಯ ಪತ್ರಿಕೆಯಿಂದ ಅಂಡರ್‌ಗ್ರೌಂಡ್ ಕಾಮಿಕ್ಸ್‌ಗೆ ಹೋಗುವ ಸೇತುವೆ ಯಾವುದೆಂದು ಕೇಳಿದರೆ ನಾನು ಆ ಇಪ್ಪತ್ತಾರು ಸಂಚಿಕೆಗಳನ್ನು ತೋರಿಸುತ್ತೇನೆ.

‘ಪಂಚ್’ ಬೇಕೆನ್ನುವವರಿಗೆ ಒಂದು ಮಾತು. ಅರ್ಧ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡಿದ ದಪ್ಪ ಸಂಪುಟಗಳು ಸುಲಭವಾಗಿ ಸಿಗುತ್ತವೆ. ಆದರೆ ಬೈಂಡ್ ಮಾಡುವಾಗ ವಾರವಾರದ ರಕ್ಷಾಪುಟವನ್ನೂ ಜಾಹೀರಾತಿನ ಪುಟಗಳನ್ನೂ ಸಾಮಾನ್ಯವಾಗಿ ಕಿತ್ತುಹಾಕುತ್ತಿದ್ದರು. ಓದುವುದಕ್ಕೆ ಸಂಪುಟ ಒಳ್ಳೆಯದು. ಆ ಕಾಲದ ಪತ್ರಿಕೆ ಕೈಯಲ್ಲಿ ಹೇಗಿತ್ತೆಂದು ತಿಳಿಯಬೇಕಾದರೆ ರಕ್ಷಾಪುಟ ಉಳಿದ ಬಿಡಿ ಸಂಚಿಕೆಯೇ ಬೇಕು. ಹಳೆಯ ಸಂಪುಟಗಳನ್ನು ಸೀಳಿ, ಚಿತ್ರದ ಪುಟಗಳನ್ನು ಚೌಕಟ್ಟು ಹಾಕಿ ಮಾರುವವರಿದ್ದಾರೆ. ಅಂಥ ಬಿಡಿ ಹಾಳೆಗಳನ್ನು ನಾನು ಕೊಳ್ಳುವುದಿಲ್ಲ.

‘ಮ್ಯಾಡ್’: ಎಣಿಸಲು ಕಲಿಯಿರಿ

‘ಮ್ಯಾಡ್’ನ ಮೊದಲ 23 ಸಂಚಿಕೆಗಳು ಹತ್ತು ಸೆಂಟಿನ ಬಣ್ಣದ ಕಾಮಿಕ್ ಪುಸ್ತಕಗಳು. 1955ರ ಜುಲೈ ದಿನಾಂಕದ 24ನೆಯ ಸಂಚಿಕೆಯಿಂದ ಅದು 25 ಸೆಂಟಿನ, ದೊಡ್ಡ ಅಳತೆಯ, ಕಪ್ಪು ಬಿಳುಪಿನ ಪತ್ರಿಕೆಯಾಯಿತು. ಕಾಮಿಕ್ಸ್‌ನಲ್ಲಿ ಏನಿರಬಹುದು, ಏನಿರಬಾರದು ಎಂದು ಪ್ರಕಾಶಕರೇ ಕೂಡಿ 1954ರಲ್ಲಿ ತಂದ ಕಾಮಿಕ್ಸ್ ಸಂಹಿತೆಯ ಕತ್ತರಿಯಿಂದ ತಪ್ಪಿಸಿಕೊಳ್ಳಲು ಈ ವೇಷ ಬದಲಾಯಿತೆಂದು ಎಲ್ಲ ಕಡೆ ಓದುತ್ತೀರಿ. ಕತ್ತರಿಯಿಂದ ಅದು ಪಾರಾದದ್ದು ನಿಜ. ಆದರೆ ಕರ್ಟ್ಸ್‌ಮನ್‌ಗೆ ಬೇರೊಂದು ಪತ್ರಿಕೆಯಿಂದ ಕೆಲಸದ ಕರೆ ಬಂದಿತ್ತು, ಅವರನ್ನು ಉಳಿಸಿಕೊಳ್ಳಲು ಪ್ರಕಾಶಕ ವಿಲಿಯಂ ಗೇನ್ಸ್ ಅವರ ಬಹುದಿನದ ಆಸೆಯಾದ ದೊಡ್ಡ ಪತ್ರಿಕೆಗೆ ಒಪ್ಪಿದರು ಎಂಬುದು ಒಳಗಿನ ಕತೆ. ಸಂಗ್ರಹಕಾರರ ಮಟ್ಟಿಗೆ ಇದರ ಅರ್ಥ, 23 ಮತ್ತು 24ರ ನಡುವೆ ಒಂದು ಗೋಡೆ ಇದೆ. ಗೋಡೆಯ ಆಚೆಯದು, ಅಂದರೆ 23ರವರೆಗಿನದು, ಕಾಮಿಕ್ಸ್ ಸಂಗ್ರಹಕಾರರ ಪೇಟೆ, ಅಲ್ಲಿ ಪೈಪೋಟಿ ಬೇರೆಯೇ ಬಗೆಯದು. ಕೈಗೆ ಎಟಕುವಂತೆ ಆರಂಭಿಸಬೇಕೆಂದರೆ 1960 ಮತ್ತು 70ರ ದಶಕಗಳಿಗೆ ಬನ್ನಿ.

ಆ ದಶಕಗಳಲ್ಲಿ ‘ಮ್ಯಾಡ್’ ವರ್ಷಕ್ಕೆ ಎಂಟೇ ಸಲ ಬರುತ್ತಿತ್ತು. ಫೆಬ್ರವರಿ, ಮೇ, ಆಗಸ್ಟ್ ಮತ್ತು ನವೆಂಬರ್ ತಿಂಗಳ ಸಂಚಿಕೆ ಇರಲಿಲ್ಲ. ಇದು ಗೊತ್ತಿಲ್ಲದೆ ‘ನಡುವೆ ಕೆಲವು ಇಲ್ಲ’ ಎಂದು ಕೊರಗಿದವರನ್ನು ನೋಡಿದ್ದೇನೆ, ‘1968ರ ಫೆಬ್ರವರಿ ಸಂಚಿಕೆ’ ಎಂದು ಪಟ್ಟಿಯಲ್ಲಿ ಬರೆದು ಮಾರಲು ಕುಳಿತವರನ್ನೂ ನೋಡಿದ್ದೇನೆ. ಆದ್ದರಿಂದ ತಿಂಗಳನ್ನು ನಂಬಬೇಡಿ, ಸಂಚಿಕೆಯ ಸಂಖ್ಯೆಯನ್ನು ಹಿಡಿಯಿರಿ. ಯಾವುದು ಎಂದು ಬಂತು ಎಂಬುದಕ್ಕೆ ‘ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್’ ಎಂಬ ಉಚಿತ ಜಾಲತಾಣದಲ್ಲಿ ಮುಖಪುಟದ ಚಿತ್ರದ ಸಮೇತ ಮಾಹಿತಿ ಸಿಗುತ್ತದೆ.

ಕೆಲವು ಸಂಖ್ಯೆಗಳನ್ನು ಎಲ್ಲರೂ ಹುಡುಕುತ್ತಾರೆ. ‘ಮ್ಯಾಡ್’ನ ಗುರುತೇ ಆಗಿಹೋದ, ಹಲ್ಲುಬಿಟ್ಟು ನಗುವ ಹುಡುಗ ಆಲ್ಫ್ರೆಡ್ ಇ. ನ್ಯೂಮನ್ ಇಡೀ ಮುಖಪುಟವನ್ನು ಆವರಿಸಿದ್ದು 1956ರ ಡಿಸೆಂಬರಿನ 30ನೆಯ ಸಂಚಿಕೆಯಲ್ಲಿ, ನಾರ್ಮನ್ ಮಿಂಗೊ ಅವರ ಕುಂಚದಿಂದ. ಆ ಮುಖ ‘ಮ್ಯಾಡ್’ ಹುಟ್ಟಿಸಿದ್ದಲ್ಲ, 20ನೆಯ ಶತಮಾನದ ಆರಂಭದ ಪೋಸ್ಟ್‌ಕಾರ್ಡು ಮತ್ತು ಜಾಹೀರಾತುಗಳಲ್ಲಿಯೇ ಅಲೆದಾಡುತ್ತಿತ್ತು. ಅವುಗಳನ್ನು ಕೂಡಿಸುವವರದೇ ಇನ್ನೊಂದು ಪಂಗಡವಿದೆ. ಅಂಟೋನಿಯೊ ಪ್ರೊಹಿಯಾಸ್ ಅವರ ‘ಸ್ಪೈ ವರ್ಸಸ್ ಸ್ಪೈ’ ಚಿತ್ರಕತೆಯ ಇಬ್ಬರು ಗೂಢಚಾರರು ಮೊದಲು ಬಂದದ್ದು 60ನೆಯ ಸಂಚಿಕೆಯಲ್ಲಿ.

1964ರ ಏಪ್ರಿಲಿನ 86ನೆಯ ಸಂಚಿಕೆಯನ್ನು ಬೇರೆಯಾಗಿ ಹೇಳಬೇಕು. ಅಲ್ಲಿಂದ ಅಲ್ ಜಾಫಿ ಅವರ ಮಡಿಕೆ ಚಿತ್ರ ಶುರುವಾಗುತ್ತದೆ. ಹಿಂಬದಿಯ ರಕ್ಷಾಪುಟದ ಒಳಮೈಯಲ್ಲಿ ಇಡೀ ಪುಟದ ಒಂದು ಚಿತ್ರ, ಮೇಲೆ ಒಂದು ಪ್ರಶ್ನೆ. ಪುಟವನ್ನು ಎರಡು ಕಡೆ ಮಡಿಸಿ ಒಂದು ಗುರುತನ್ನು ಇನ್ನೊಂದಕ್ಕೆ ತಾಗಿಸಿದರೆ ನಡುವಿನ ಭಾಗ ಮಾಯವಾಗಿ, ಉಳಿದೆರಡು ಅಂಚುಗಳು ಸೇರಿ ಬೇರೆಯದೇ ಚಿತ್ರವಾಗಿ, ಪ್ರಶ್ನೆಗೆ ಉತ್ತರ ಮೂಡುತ್ತದೆ. ಕೊಂಡ ಮಕ್ಕಳೆಲ್ಲ ಮಡಿಸಿದರು, ಮಡಿಸಲೆಂದೇ ಅದನ್ನು ಬರೆದದ್ದು. ಆದರೆ ಸಂಗ್ರಹದ ಲೆಕ್ಕದಲ್ಲಿ ಆ ಮಡಿಕೆ ಒಂದು ದೋಷ. ಹಾಗಾಗಿ 86ರ ನಂತರದ ಯಾವುದೇ ‘ಮ್ಯಾಡ್’ ಕೈಗೆ ಬಂದರೆ ಮೊದಲು ಹಿಂಬದಿಯ ರಕ್ಷಾಪುಟವನ್ನು ತೆರೆದು, ದೀಪಕ್ಕೆ ಓರೆಯಾಗಿ ಹಿಡಿಯಿರಿ. ನೇರವಾಗಿ ನೋಡಿದಾಗ ಸಪಾಟಾಗಿ ಕಾಣುವ ಹಾಳೆಯಲ್ಲಿ ಓರೆ ಬೆಳಕು ಬಿದ್ದಾಗ ಎರಡು ಸಣ್ಣ ಲಂಬ ಗೆರೆಗಳು ಎದ್ದು ನಿಲ್ಲುತ್ತವೆ. ಯಾರೋ ನೀಟಾಗಿ ಮಡಿಸಿ, ನಕ್ಕು, ಮತ್ತೆ ಒತ್ತಿ ಸರಿಮಾಡಿಟ್ಟ ಗುರುತು ಅದು. ಅಂಥ ಪ್ರತಿ ಕಡಿಮೆ ಬೆಲೆಗೆ ಸಿಗುತ್ತದೆ, ನನಗೆ ಅದರಿಂದ ಬೇಸರವೂ ಇಲ್ಲ.

‘ಮ್ಯಾಡ್’ ಹೊರತಂದ ವಿಶೇಷ ಸಂಚಿಕೆಗಳ ವಿಚಾರದಲ್ಲಿ ಒಂದೇ ಎಚ್ಚರಿಕೆ ಸಾಕು: ಅವುಗಳ ಜೊತೆ ಅಂಟುಚೀಟಿ, ಭಿತ್ತಿಚಿತ್ರ, ಬಾಗುವ ಪ್ಲಾಸ್ಟಿಕ್ಕಿನ ಗ್ರಾಮಫೋನ್ ತಟ್ಟೆ ಇಂಥವು ಇರುತ್ತಿದ್ದವು. ಅವು ಒಳಗೆ ಇವೆಯೇ ಎಂದು ಬಾಯಿಬಿಟ್ಟು ಕೇಳಿ. ‘ಒಳಪುಟಗಳು ಪೂರ್ತಿ ಇವೆ’ ಎಂಬ ಉತ್ತರದಲ್ಲಿ ಅವು ಸೇರಿರುವುದಿಲ್ಲ.

ಅಂಡರ್‌ಗ್ರೌಂಡ್: ಎಷ್ಟನೆಯ ಮುದ್ರಣ?

ಈ ಕಾಮಿಕ್ಸ್‌ಗಳು ಸಾಮಾನ್ಯ ಪತ್ರಿಕಾ ವಿತರಣೆಯ ದಾರಿಯಲ್ಲಿ ಬಂದವಲ್ಲ. 1968ರಲ್ಲಿ ‘ಜ್ಯಾಪ್’ನ ಮೊದಲ ಪ್ರತಿಗಳನ್ನು ಕ್ರಂಬ್ ಮತ್ತು ಅವರ ಹೆಂಡತಿ ಮಗುವಿನ ತಳ್ಳುಗಾಡಿಯಲ್ಲಿಟ್ಟುಕೊಂಡು ಸ್ಯಾನ್ ಫ್ರಾನ್ಸಿಸ್ಕೊದ ಹೇಟ್ ಬೀದಿಯಲ್ಲಿ ಮಾರಿದರು. ಆಮೇಲೆ ಹಿಪ್ಪಿಗಳ ಅಂಗಡಿಗಳಲ್ಲಿ, ಧೂಪ, ಭಿತ್ತಿಚಿತ್ರ, ಹುಕ್ಕಾಗಳ ನಡುವೆ ಇವು ಮಾರಾಟವಾದವು. ಪತ್ರಿಕೆಯಂತೆ ತಿಂಗಳು ಕಳೆದ ಮೇಲೆ ಹಿಂತಿರುಗಿ ಹೋಗುವ ಸರಕು ಇದಲ್ಲ. ಮುಗಿದಂತೆ ಮತ್ತೆ ಅಚ್ಚು ಹಾಕುತ್ತಿದ್ದರು, ಅದೇ ಫಲಕ, ಅದೇ ಮುಖಪುಟ, ಅದೇ ‘1968’. ‘ಎರಡನೆಯ ಮುದ್ರಣ’ ಎಂದು ಬರೆಯುವ ಶಿಸ್ತು ಹೆಚ್ಚಿನವರಿಗೆ ಇರಲಿಲ್ಲ. ಆದ್ದರಿಂದ ಒಳಗೆ ಅಚ್ಚಾದ ವರ್ಷ ಕೃತಿಯ ವಯಸ್ಸನ್ನು ಹೇಳುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಪ್ರತಿಯ ವಯಸ್ಸನ್ನಲ್ಲ.

ಪ್ರತಿಯ ವಯಸ್ಸನ್ನು ಹೀಗೆ ಕಂಡುಹಿಡಿಯಿರಿ. ಮೊದಲು ಮುಖಪುಟದ ಬೆಲೆ ನೋಡಿ. 25 ಸೆಂಟಿಗೆ ಆರಂಭವಾದದ್ದು ಮರುಮುದ್ರಣವಾದಂತೆಲ್ಲ ಏರುತ್ತ ಹೋಗುತ್ತದೆ. ಕಡಿಮೆ ಬೆಲೆ ಇದ್ದ ಮಾತ್ರಕ್ಕೆ ಮೊದಲನೆಯದಾಗಿಬಿಡುವುದಿಲ್ಲ. ‘ಜ್ಯಾಪ್’ ಒಂದನೆಯ ಸಂಚಿಕೆಯ ಮೊದಲ ಮುದ್ರಣದ ಹಿಂಬದಿಯಲ್ಲಿ ‘ಚಾರ್ಲ್ಸ್ ಪ್ಲೈಮೆಲ್ ಮುದ್ರಿಸಿದ್ದು’ ಎಂಬ ಸಾಲು ಇದೆ, ಎರಡನೆಯದರಲ್ಲಿ ಅದೇ ಜಾಗದಲ್ಲಿ ಡಾನ್ ಡೊನಾಹ್ಯೂ ಅವರ ಹೆಸರಿದೆ. ನೂರು ಪಟ್ಟು ಬೆಲೆ ಹೇಳುವವರ ಹತ್ತಿರ ಹೋಗುವ ಮೊದಲು ಆ ಒಂದು ಸಾಲಿನ ಚಿತ್ರ ಕೇಳಿ.

ಎರಡನೆಯದಾಗಿ, ಪ್ರಕಾಶಕರ ವಿಳಾಸ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ‘ರಿಪ್ ಆಫ್ ಪ್ರೆಸ್’ 1987ರಲ್ಲಿ ಅದೇ ರಾಜ್ಯದ ಆಬರ್ನ್ ಊರಿಗೆ ಹೋಯಿತು. ಶೆಲ್ಟನ್ ಅವರ ‘ಫ್ರೀಕ್ ಬ್ರದರ್ಸ್’ನ ಒಂದನೆಯ ಸಂಚಿಕೆ 1971ರದು, ಆದರೆ ಆಬರ್ನ್ ಎಂಬ ವಿಳಾಸ ಹೊತ್ತ ಪ್ರತಿ 1971ರದಾಗಿರಲು ಹೇಗೆ ಸಾಧ್ಯ? ಮೂರನೆಯದು ನನಗೆ ತುಂಬ ಪ್ರಿಯವಾದ ಸಾಕ್ಷ್ಯ: ಹಿಂಬದಿಯಲ್ಲಿ ಅಥವಾ ಒಳರಕ್ಷಾಪುಟದಲ್ಲಿ ಬರುವ ‘ನಮ್ಮ ಇತರ ಪ್ರಕಟಣೆಗಳು’ ಪಟ್ಟಿ. 1968ರ ಪುಸ್ತಕವೆಂದು ಹೇಳಿಕೊಳ್ಳುವ ಪ್ರತಿಯ ಪಟ್ಟಿಯಲ್ಲಿ 1972ರಲ್ಲಿ ಹುಟ್ಟಿದ ಕಾಮಿಕ್ಸ್‌ನ ಹೆಸರಿದ್ದರೆ ಮುಂದೆ ಏನನ್ನೂ ನೋಡಬೇಕಾಗಿಲ್ಲ. ಆ ಪಟ್ಟಿಯನ್ನು ಯಾರೂ ಓದುವುದಿಲ್ಲ, ಅದಕ್ಕೇ ಅದು ಸುಳ್ಳು ಹೇಳುವುದಿಲ್ಲ.

ಸಂಖ್ಯೆಯ ಕ್ರಮವೂ ಕೆಲವು ಕಡೆ ಕಾಲದ ಕ್ರಮವಲ್ಲ. ಕ್ರಂಬ್ ಮೊದಲು ಸಿದ್ಧಪಡಿಸಿದ ಸಂಚಿಕೆಯ ಮೂಲ ಚಿತ್ರಗಳು ಅಚ್ಚಿಗೆ ಹೋಗದೆ ಕೈತಪ್ಪಿದವು. ಅವುಗಳ ಜೆರಾಕ್ಸ್ ಪ್ರತಿಗಳು ಅವರ ಬಳಿ ಉಳಿದಿದ್ದರಿಂದ ಆ ಸಂಚಿಕೆ ಒಂದನೆಯದರ ನಂತರ ‘0’ ಎಂಬ ಸಂಖ್ಯೆ ಹೊತ್ತು ಬಂತು. ಇಂಥ ವಿವರಗಳಿಗೆ ಜೇ ಕೆನಡಿ ಅವರು 1982ರಲ್ಲಿ ಹೊರತಂದ ಅಂಡರ್‌ಗ್ರೌಂಡ್ ಕಾಮಿಕ್ಸ್ ಬೆಲೆ ಕೈಪಿಡಿ ಇಂದಿಗೂ ಉಪಯುಕ್ತ. ಬೆಲೆಗಳು ಹಳತಾಗಿವೆ, ಮುದ್ರಣಗಳ ವಿವರ ಹಳತಾಗುವುದಿಲ್ಲ.

ನಕಲಿಗಳೂ ಇವೆ. 1977ರ ‘ಸೆರೆಬಸ್’ ಎಂಬ ಕಾಮಿಕ್ಸ್‌ನ ಒಂದನೆಯ ಸಂಚಿಕೆಯ ಖೋಟಾ ಪ್ರತಿಗಳು 1980ರ ದಶಕದ ಆರಂಭದಲ್ಲಿ ಪೇಟೆಗೆ ಬಂದವು. ಖೋಟಾದ ರಕ್ಷಾಪುಟದ ಒಳಮೈ ಹೊಳೆಯುತ್ತದೆ, ಅಸಲಿಯದು ಮಂಕು. ಹೊರಗಿನ ಚಿತ್ರವನ್ನೇ ನೋಡುತ್ತ ಕುಳಿತವರಿಗೆ ಇದು ತಿಳಿಯುವುದಿಲ್ಲ.

ಏನನ್ನು ಸಂಗ್ರಹಿಸಬೇಕು ಎಂಬುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಇವು ದೊಡ್ಡವರಿಗೆಂದೇ ಬರೆದ ಪುಸ್ತಕಗಳು. ಹೆಂಗಸರನ್ನೂ ಕಪ್ಪು ಜನರನ್ನೂ ಚಿತ್ರಿಸಿದ ರೀತಿ ಹಲವು ಕಡೆ ಹೊಟ್ಟೆ ತೊಳಸುವಂತಿದೆ. ಅದನ್ನು ಆ ಕಾಲದಲ್ಲೇ ಎದುರಿಸಿ ಮಾತನಾಡಿದ ಟ್ರೀನಾ ರಾಬಿನ್ಸ್ ಮತ್ತು ಗೆಳತಿಯರು 1970ರಲ್ಲಿ ‘ಇಟ್ ಏಂಟ್ ಮಿ, ಬೇಬ್’ ತಂದರು. 1972ರಿಂದ 1992ರವರೆಗೆ ‘ವಿಮೆನ್ಸ್ ಕಾಮಿಕ್ಸ್’ ನಡೆಯಿತು. ಇವಿಲ್ಲದ ಅಂಡರ್‌ಗ್ರೌಂಡ್ ಕಪಾಟು ಅರ್ಧ ಕಪಾಟು ಎಂಬುದು ನನ್ನ ಅಭಿಪ್ರಾಯ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಿಲ್ಲರ್ ಪ್ರಕರಣದಲ್ಲಿ ಅಶ್ಲೀಲತೆಯನ್ನು ಆಯಾ ಊರಿನ ಅಳತೆಗೋಲಿನಿಂದ ಅಳೆಯಬಹುದೆಂದು ಹೇಳಿದ ಮೇಲೆ ಅನೇಕ ಅಂಗಡಿಗಳು ಹೆದರಿ ಇಂಥ ಪುಸ್ತಕಗಳನ್ನು ಇಡುವುದನ್ನೇ ಬಿಟ್ಟವು. ಬೇರೆ ದೇಶದಿಂದ ತರಿಸುವವರು ತಮ್ಮ ಕಡೆಯ ಸುಂಕದ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಲಿ.

ಸ್ಥಿತಿ ಅಳೆಯುವುದು

ಕಾಮಿಕ್ಸ್ ಪೇಟೆಯಲ್ಲಿ 0.5ರಿಂದ 10ರವರೆಗಿನ ಅಂಕಗಳು ಚಾಲ್ತಿಯಲ್ಲಿವೆ. ಅದರ ಜೊತೆಗಿನ ಪದಗಳು ಹೊಸಬರನ್ನು ದಾರಿ ತಪ್ಪಿಸುತ್ತವೆ. ‘ಗುಡ್’ ಎಂದರೆ ಒಳ್ಳೆಯದೆಂದು ತಿಳಿದು ಹಣ ಕೊಡಬೇಡಿ. ಹತ್ತರಲ್ಲಿ ಎರಡು ಅಂಕ ಬಂದ ಪ್ರತಿಗೆ ಆ ಹೆಸರು. ಮುದುರಿ, ಸವೆದು, ಆದರೆ ಪುಟ ಕಳೆಯದೆ ಉಳಿದಿದೆ ಎಂಬಷ್ಟೇ ಅದರ ಅರ್ಥ. ‘ಫೈನ್’ ಎಂದರೆ ಆರು.

ನಾನು ನೋಡುವ ಕ್ರಮ ಇದು. ನಡುಪುಟ ತೆರೆದು ಪಿನ್ನುಗಳನ್ನು ನೋಡುತ್ತೇನೆ: ತುಕ್ಕು ಹಿಡಿದಿದೆಯೇ, ನಡುವಿನ ಹಾಳೆ ಪಿನ್ನಿನಿಂದ ಕಳಚಿದೆಯೇ, ಪಿನ್ನು ಹೊಳೆಯುತ್ತಿದ್ದು ಸುತ್ತಲಿನ ಕಾಗದದಲ್ಲಿ ತುಕ್ಕಿನ ಕಲೆ ಇದೆಯೇ. ಕೊನೆಯದು ಪಿನ್ನನ್ನು ಯಾರೋ ಬದಲಿಸಿದ್ದಾರೆ ಎಂಬುದರ ಗುರುತು. ಆಮೇಲೆ ಪುಟ ಎಣಿಸುತ್ತೇನೆ. ನಡುವಿನ ಒಂದು ಹಾಳೆ ಬಿದ್ದುಹೋದರೆ ನಾಲ್ಕು ಪುಟ ಹೋದಂತೆ, ಓದುವಾಗ ಅದು ತಕ್ಷಣ ತಿಳಿಯುವುದಿಲ್ಲ. ಕೂಪನ್ ಕತ್ತರಿಸಿದ ಜಾಗ ಹುಡುಕುತ್ತೇನೆ. ಬೆನ್ನಿನ ಉದ್ದಕ್ಕೂ ಬಿಳಿ ಗೆರೆಗಳೆಷ್ಟು ಎಂದು ನೋಡುತ್ತೇನೆ. ಕೊನೆಗೆ ಮೂಗು: ಬೂಷ್ಟಿನ ವಾಸನೆ ಬಂದ ಪ್ರತಿಯನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಅದು ಒಂಟಿಯಾಗಿ ಬರುವುದಿಲ್ಲ, ಪಕ್ಕದವಕ್ಕೂ ಹರಡುತ್ತದೆ. ಹರಿದದ್ದಕ್ಕೆ ಯಾರೋ ಅಂಟಿಸಿದ ಸೆಲ್ಲೊಟೇಪನ್ನು ಕೀಳಲು ಹೋಗಬೇಡಿ. ಟೇಪಿನ ಜೊತೆ ಶಾಯಿಯೂ ಎದ್ದುಬರುತ್ತದೆ.

2000ದಲ್ಲಿ ಆರಂಭವಾದ ಸಿ.ಜಿ.ಸಿ. ಎಂಬ ಸಂಸ್ಥೆ ಪ್ರತಿಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತದೆ. ದೊಡ್ಡ ಮೊತ್ತದ ವ್ಯವಹಾರದಲ್ಲಿ ಅದರಿಂದ ನೆಮ್ಮದಿ ಉಂಟು. ಆದರೆ ಓದಲಾಗದ, ಮಡಿಸಲಾಗದ ‘ಮ್ಯಾಡ್’ ಗಾಜಿನ ಪೆಟ್ಟಿಗೆಯೊಳಗಿನ ಚಕ್ಕುಲಿಯ ಹಾಗೆ. ನನ್ನ ಬಳಿ ಒಂದೂ ಇಲ್ಲ.

ಸಹಿಯ ಪರೀಕ್ಷೆ

ಸಹಿ ಇರುವ ಪುಸ್ತಕದಲ್ಲಿ ನೀವು ಎರಡು ವಸ್ತುಗಳನ್ನು ಕೊಳ್ಳುತ್ತಿದ್ದೀರಿ, ಪುಸ್ತಕ ಮತ್ತು ಸಹಿ. ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ. ಪುಸ್ತಕದ ಮುದ್ರಣ ವಿವರಗಳ ಪುಟದಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲಿದ್ದರೆ, ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಸಾಮಾನ್ಯವಾಗಿ ಮುದ್ರಣದ ಸಂಖ್ಯೆ. 1 ಇದ್ದರೆ ಮೊದಲನೆಯದು. ಈ ಪದ್ಧತಿ ಎಲ್ಲ ಪ್ರಕಾಶಕರದೂ ಒಂದೇ ಅಲ್ಲ, ರ್‍ಯಾಂಡಮ್ ಹೌಸ್ ಬಹುಕಾಲ ‘ಫಸ್ಟ್ ಎಡಿಷನ್’ ಎಂದು ಬರೆದು ಸಾಲನ್ನು 2ಕ್ಕೆ ನಿಲ್ಲಿಸುತ್ತಿತ್ತು. ಹೊರಹೊದಿಕೆಯ ಒಳಮಡಿಕೆಯಲ್ಲಿ ಬೆಲೆಯೇ ಇಲ್ಲದಿದ್ದರೆ ಅದು ಪುಸ್ತಕ ಕ್ಲಬ್ಬಿನವರು ತಮ್ಮ ಸದಸ್ಯರಿಗೆಂದು ಬೇರೆಯಾಗಿ ಅಚ್ಚು ಹಾಕಿಸಿದ ಪ್ರತಿಯೇ ಎಂದು ವಿಚಾರಿಸಿ. ಮೂಲೆ ಕತ್ತರಿಸಿದ್ದರೆ ಸಾಮಾನ್ಯವಾಗಿ ಯಾರೋ ಉಡುಗೊರೆ ಕೊಡುವಾಗ ಬೆಲೆ ತೆಗೆದಿದ್ದಾರೆ ಎಂದರ್ಥ.

ಸಹಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಬೇಕು. ಅದರ ಕೆಳಗೆ ಅಚ್ಚಾದ ಸಹಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ, ಇಲ್ಲವೇ ಪಕ್ಕದ ಅಕ್ಷರಗಳ ಹಾಗೆಯೇ ಸಪಾಟಾಗಿ ಕಾಣುತ್ತದೆ. ಬಾಲ್‌ಪೆನ್ನಿನ ಸಹಿ ಕಾಗದದಲ್ಲಿ ಕುಳಿ ಮಾಡಿರುತ್ತದೆ. ಶಾಯಿಪೆನ್ನಿನದು ನಾರಿನ ಗುಂಟ ಹರಡಿರುತ್ತದೆ, ಎರಡು ಗೆರೆಗಳು ದಾಟುವಲ್ಲಿ ಗಾಢವಾಗಿರುತ್ತದೆ. ಮನುಷ್ಯನ ಕೈ ಬೇಗ ಆರಂಭಿಸಿ, ತಿರುವಿನಲ್ಲಿ ನಿಧಾನಿಸಿ, ಕೊನೆಯ ಎಳೆತದಲ್ಲಿ ಹಗುರಾಗಿ ಕಾಗದ ಬಿಟ್ಟು ಮೇಲೇಳುತ್ತದೆ. ಆ ಬಾಲ ತೆಳುವಾಗಿ ಮುಗಿಯುತ್ತದೆ. ಒಬ್ಬರ ಸಹಿಯನ್ನು ಪೆನ್ನಿನಿಂದಲೇ ಮತ್ತೆ ಮತ್ತೆ ಬರೆಯುವ ಆಟೋಪೆನ್ ಯಂತ್ರಕ್ಕೆ ಈ ಅವಸರ ಇಲ್ಲ. ಅದರ ಗೆರೆಯ ದಪ್ಪ ಆದಿಯಿಂದ ಅಂತ್ಯದವರೆಗೆ ಒಂದೇ, ಶುರುವಿನಲ್ಲೂ ಕೊನೆಯಲ್ಲೂ ಪೆನ್ನು ನಿಂತ ಚುಕ್ಕೆ ಕಾಣಬಹುದು. ಇನ್ನೂ ಸುಲಭದ ಪರೀಕ್ಷೆಯೆಂದರೆ ಎರಡು ಪ್ರತಿಗಳ ಸಹಿಯ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು. ಯಾವ ಮನುಷ್ಯನೂ ಎರಡು ಸಲ ಒಂದೇ ರೀತಿ ಸಹಿ ಹಾಕಲಾರ. 2022ರಲ್ಲಿ ಬಾಬ್ ಡಿಲನ್ ಅವರ ಪುಸ್ತಕವೊಂದರ ಪ್ರತಿಗಳು ‘ಕೈಯಾರೆ ಸಹಿ ಮಾಡಿದ್ದು’ ಎಂದು 599 ಡಾಲರಿಗೆ ಮಾರಾಟವಾದಾಗ, ಕೊಂಡವರು ತಮ್ಮತಮ್ಮ ಪ್ರತಿಗಳನ್ನು ಹೋಲಿಸಿಯೇ ಯಂತ್ರದ ಕೈವಾಡವನ್ನು ಹಿಡಿದರು. ಪ್ರಕಾಶಕರು ಹಣ ಹಿಂತಿರುಗಿಸಬೇಕಾಯಿತು. ನೇರವಾಗಿ ಪ್ರಕಾಶಕರಿಂದ ಬಂದದ್ದಕ್ಕೇ ಹೀಗಾದ ಮೇಲೆ, ಮಾರುವವರು ತಾವೇ ಅಚ್ಚು ಹಾಕಿಸಿದ ‘ಅಸಲಿ ಪ್ರಮಾಣಪತ್ರ’ಕ್ಕೆ ನಾನು ಚೌಕಾಸಿಯಲ್ಲಿ ಚಿಕ್ಕಾಸಿನ ಬೆಲೆಯನ್ನೂ ಸೇರಿಸುವುದಿಲ್ಲ.

ದಿನಾಂಕಗಳನ್ನೂ ತಾಳೆ ನೋಡಿ. ಕರ್ಟ್ಸ್‌ಮನ್ ತೀರಿಕೊಂಡದ್ದು 1993ರ ಫೆಬ್ರವರಿಯಲ್ಲಿ, ‘ಜ್ಯಾಪ್’ ಬಳಗದ ರಿಕ್ ಗ್ರಿಫಿನ್ 1991ರಲ್ಲಿ, ಸ್ಪೇನ್ ರೊಡ್ರಿಗೆಜ್ 2012ರಲ್ಲಿ. 2014ರಲ್ಲಿ ಬಂದ ‘ಜ್ಯಾಪ್’ ಸಮಗ್ರ ಸಂಪುಟದ ಮೇಲೆ ಗ್ರಿಫಿನ್ ಸಹಿ ಇದೆ ಎಂದರೆ ಸಹಿ ಹಾಕಿದವರು ಬೇರೆ ಯಾರೋ. ಮರುಮುದ್ರಣದ ವಿಷಯ ಇಲ್ಲೂ ಕೆಲಸಕ್ಕೆ ಬರುತ್ತದೆ: ಒಳಗೆ 1968 ಎಂದಿರುವ, ಆದರೆ ವಿಳಾಸ, ಬೆಲೆಗಳಿಂದ 1990ರ ದಶಕದ ಕೊನೆಯದೆಂದು ತಿಳಿಯುವ ಪ್ರತಿಗೆ 1991ರಲ್ಲಿ ತೀರಿಕೊಂಡವರು ಸಹಿ ಹಾಕಿರಲಾರರು. ಖೋಟಾ ಸಹಿ ಮಾಡುವವರು ಪುಟದೊಳಗಿನ ವರ್ಷ ನೋಡುತ್ತಾರೆ, ಹಿಂಬದಿಯ ವಿಳಾಸ ನೋಡುವುದಿಲ್ಲ.

ಬರಿಯ ಸಹಿ, ಯಾರದೋ ಹೆಸರಿಗೆ ಬರೆದುಕೊಟ್ಟ ಸಹಿ, ಲೇಖಕರ ಆಪ್ತರಿಗೋ ಸಹೋದ್ಯೋಗಿಗೋ ಕೊಟ್ಟ ಪ್ರತಿ, ಬೇರೆ ಚೀಟಿಯ ಮೇಲೆ ಸಹಿ ಮಾಡಿ ಅಂಟಿಸಿದ್ದು, ಪ್ರಕಾಶಕರು ಸಹಿ ಹಾಕಿಸಿದ ಹಾಳೆಯನ್ನು ಸೇರಿಸಿ ಬೈಂಡ್ ಮಾಡಿದ್ದು, ಇವೆಲ್ಲ ಬೇರೆ ಬೇರೆ. ಅಪರಿಚಿತರ ಹೆಸರಿದ್ದರೆ ಪ್ರತಿ ಕೆಟ್ಟಿತೆಂದು ಕೆಲವರು ತಿಳಿಯುತ್ತಾರೆ. ನನಗೆ ತದ್ವಿರುದ್ಧ. ಎರಡು ಸಾಲು ಹೆಚ್ಚು ಬರೆದರೆ ಕೈಬರಹ ಹೋಲಿಸಲು ಎರಡು ಸಾಲು ಹೆಚ್ಚು ಸಿಕ್ಕಂತೆ, ಜೊತೆಗೆ ವ್ಯಂಗ್ಯಚಿತ್ರಕಾರರು ಒಂದು ಸಣ್ಣ ಚಿತ್ರವನ್ನೂ ಗೀಚಿಕೊಟ್ಟಿದ್ದರೆ ಅದಕ್ಕಿಂತ ಭಾಗ್ಯ ಬೇರಿಲ್ಲ.

ನೀವೇ ಸಹಿ ಹಾಕಿಸಿಕೊಳ್ಳುವುದಾದರೆ ಶೀರ್ಷಿಕೆ ಪುಟವನ್ನು ತೆರೆದು ಕೊಡಿ. ಕಾಮಿಕ್ಸ್ ಆದರೆ ಮುಖಪುಟದ ಮೇಲೆ ದಪ್ಪ ಮಾರ್ಕರ್ ಓಡಿಸದಂತೆ ಮೊದಲ ಒಳಪುಟವನ್ನು ತೋರಿಸಿ; ಅಗ್ಗದ ಕಾಗದದಲ್ಲಿ ಮಾರ್ಕರ್ ಶಾಯಿ ಮುಂದಿನ ಪುಟಕ್ಕೂ ಇಳಿಯುತ್ತದೆ. ಆ ದಿನದ ಕಾರ್ಯಕ್ರಮದ ಚೀಟಿಯನ್ನು ಪುಸ್ತಕದ ಜೊತೆಗೇ ಬೇರೆ ಲಕೋಟೆಯಲ್ಲಿಡಿ.

ಮನೆಗೆ ತಂದ ಮೇಲೆ

ಈ ಪತ್ರಿಕೆಗಳ ಕಾಗದ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ. ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿಗೆ ಹಳದಿಯಾಗಿ, ಆಮ್ಲ ಬಿಟ್ಟು, ಕಾಗದವನ್ನೇ ತಿನ್ನುತ್ತದೆ. ನಿಲ್ಲಿಸಲಾಗದು, ನಿಧಾನಿಸಬಹುದು. ಆಮ್ಲರಹಿತ ರಟ್ಟನ್ನು ಬೆನ್ನಿಗಿಟ್ಟು, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲಿನ್ ಚೀಲದಲ್ಲಿ ಹಾಕಿ. ಮೃದುವಾಗಿ ವಾಸನೆ ಬರುವ ಪಿ.ವಿ.ಸಿ. ಚೀಲ ಬೇಡ. ಅಳತೆ ನೋಡಿಕೊಂಡೇ ಕೊಳ್ಳಿ, ಕಾಮಿಕ್ಸ್‌ನ ಚೀಲದೊಳಗೆ ‘ಮ್ಯಾಡ್’ ತುರುಕಿದರೆ ಮೂಲೆಗಳು ಹೋಗುತ್ತವೆ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ವಾಲದಷ್ಟು ತುಂಬಿ, ನೆಲದಿಂದ ಮೇಲೆ, ಹೊರಗೋಡೆಯಿಂದ ದೂರ ಇಡಿ. ತೇವಾಂಶ ಶೇಕಡಾ 35ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಒಂದು ಸಣ್ಣ ತೇವಮಾಪಕವನ್ನು ಪೆಟ್ಟಿಗೆಯ ಪಕ್ಕ ಇಡುವುದಕ್ಕೆ ಹೆಚ್ಚು ಖರ್ಚಿಲ್ಲ. ರಬ್ಬರ್ ಬ್ಯಾಂಡು, ಕ್ಲಿಪ್ಪು ದೂರವಿರಲಿ. ಕೈಗವಸೂ ಬೇಡ, ಅದನ್ನು ಹಾಕಿಕೊಂಡು ಪುಟ ತಿರುಗಿಸಿದರೆ ಅಂಚು ಹರಿಯುತ್ತದೆ. ತೊಳೆದು ಒರೆಸಿದ ಒಣ ಕೈ ಸಾಕು.

ಕೊನೆಯ ಹೆಜ್ಜೆ ದಾಖಲೆ ಪುಸ್ತಕ. ಹೆಸರು, ಸಂಖ್ಯೆ, ಮುಖಪುಟದ ಬೆಲೆ, ಕೊಂಡ ದಿನ, ಕೊಟ್ಟ ಹಣ, ದೋಷಗಳು ಇವನ್ನು ಎಲ್ಲರೂ ಬರೆಯುತ್ತಾರೆ. ಇದರ ಜೊತೆಗೆ ‘ಹೇಗೆ ಗೊತ್ತಾಯಿತು’ ಎಂಬ ಇನ್ನೊಂದು ಕಲಂ ಎಳೆಯಿರಿ. ಮೊದಲ ಮುದ್ರಣ ಎಂದು ಬರೆದರೆ ಯಾವ ಸಾಲು, ಯಾವ ವಿಳಾಸ, ಯಾವ ಬೆಲೆಯಿಂದ ಹಾಗೆ ಹೇಳಿದಿರಿ ಎಂಬುದನ್ನೂ ಬರೆಯಿರಿ. ಸಹಿ ಅಸಲಿ ಎಂದಿದ್ದರೆ ಯಾವುದರ ಜೊತೆ ಹೋಲಿಸಿದಿರಿ ಎಂಬುದನ್ನು. ಆ ಕಲಂ ಖಾಲಿ ಉಳಿದ ಪ್ರತಿಗೆ ‘ಮೊದಲನೆಯದು’ ಎಂದು ಬರೆಯುವ ಹಕ್ಕು ನಿಮಗಿಲ್ಲ. ನನ್ನ ಪುಸ್ತಕದ ಮೊದಲ ಸಾಲಿನಲ್ಲಿ ಆ ‘ಜ್ಯಾಪ್’ ಇದೆ. ‘1968, ಮೂಲ’ ಎಂದು ನೀಲಿ ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘50 ಸೆಂಟ್, ಮರುಮುದ್ರಣ’ ಎಂದು ತಿದ್ದಿದ್ದೇನೆ. ಕೊಟ್ಟ ಹಣದ ಕಲಂ ಮಾತ್ರ ತಿದ್ದಲು ಬರಲಿಲ್ಲ.